ಸೀನದ ದೇಶದಿಂದ ಗಡೀಪಾರು

ಗದಿಗೆವ್ವ ಅಕ್ಕೋರ ಬಲಗೈಗೆ ಅಗಡಿಯ ಶಾಲೆಯಲ್ಲಿ ಒಂದು ಕಾಲಕ್ಕೆ ಭಾರಿ ಹೆಸರಿತ್ತು. ಆ ಕೈ ಬೆನ್ನಿಗೆ ಬಿದ್ದರೆ ಐದೂ ಬೆರಳು ಎಣಿಸಬಹುದು ಎಂದು ಮಕ್ಕಳು ಹೇಳುತ್ತಿದ್ದರು, ಅಂಗಿ ಎತ್ತಿ ಎಣಿಸಿಯೂ ತೋರಿಸುತ್ತಿದ್ದರು. ತಂದೆ ತಾಯಿಗಳೋ, ನಮ್ಮ ಹುಡುಗನನ್ನು ಆ ಅಕ್ಕೋರ ತರಗತಿಗೇ ಹಾಕಿರಿ ಎಂದು ಹೆಡ್ ಮಾಸ್ತರರಿಗೆ ದುಂಬಾಲು ಬೀಳುತ್ತಿದ್ದರು. ಮಕ್ಕಳ ಮೈಮುಟ್ಟಬಾರದೆಂಬ ಸುತ್ತೋಲೆ ಬಂದು ವರ್ಷಗಳಾಗಿದ್ದವು. ಸುತ್ತೋಲೆ ಕಪಾಟಿನೊಳಗಿತ್ತು, ಬೆತ್ತ ಮೇಜಿನ ಮೇಲಿತ್ತು.

ಅವಳಿಗೆ ಇದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ. ಅವಳು ದೇವರಗುಡ್ಡದ ದರ್ಜಿ ಸೋಮಪ್ಪನ ಮಗಳು. ಸೋಮಪ್ಪ ಬಟ್ಟೆ ಅಳೆಯುವ ಗಜದ ಕೋಲಿನಲ್ಲೇ ಮಗಳ ಮಗ್ಗಿಯನ್ನೂ ಅಳೆಯುತ್ತಿದ್ದ. ಎಲ್ಲಿ ತಪ್ಪಿದಳೋ ಅಲ್ಲಿಗೆ ಎಡ ಭುಜದ ಮೇಲೆ ಒಂದು ಏಟು. ನಲವತ್ತೆಂಟು ತುಂಬಿದ ಮೇಲೂ ಹದಿನೇಳರ ಮಗ್ಗಿ ಹೇಳುವಾಗ, ಹದಿನೇಳು ಏಳಲೆ ನೂರಾಹತ್ತೊಂಬತ್ತಕ್ಕೆ ಬಂದರೆ ಅವಳ ಎಡ ಭುಜ ತಾನಾಗಿ ಮೇಲೇಳುತ್ತದೆ. ಆದರೂ ಮಗ್ಗಿ ಬಂತಲ್ಲ, ಸರಕಾರಿ ನೌಕರಿ ಸಿಕ್ಕಿತಲ್ಲ, ಹೊಡೆತದ ಪುಣ್ಯ ಅದು ಎಂದೇ ಅವಳು ನಂಬಿದ್ದಳು.

ಆ ನಂಬಿಕೆ ಒಡೆದದ್ದು ಸುಭಾಷನ ಕಿವಿಯ ಜೊತೆಗೆ. ಐದನೆಯ ತರಗತಿಯ ಸುಭಾಷನನ್ನು ನಕಾಶೆಯ ಮುಂದೆ ನಿಲ್ಲಿಸಿ ತುಂಗಭದ್ರೆಯನ್ನು ತೋರಿಸು ಎಂದಳು. ಅವನು ನೆಟ್ಟಗೆ ಅರಬ್ಬೀ ಸಮುದ್ರದ ಮೇಲೆ ಬೆರಳಿಟ್ಟ. ಒಂದು ಕೊಟ್ಟಳು. ಮತ್ತೆ ತೋರಿಸು ಎಂದಳು. ಹೆದರಿದ ಹುಡುಗ, ಮತ್ತೆ ಅಲ್ಲೇ ಇಟ್ಟ. ತರಗತಿ ಗೊಳ್ಳೆಂದು ನಕ್ಕಿತು. ಆ ನಗು ತನ್ನನ್ನೇ ಕುರಿತದ್ದು ಎಂದು ಅವಳಿಗೆ ಯಾಕೆ ಅನ್ನಿಸಿತೋ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಕೂಡಿಸಿ ಎಡ ಕಿವಿಯ ಮೇಲೆ ಬಾರಿಸಿದಳು. ಹುಡುಗ ಗೋಡೆಗೆ ಹೋಗಿ ಬಿದ್ದ. ಕಿವಿಯಿಂದ ಸಣ್ಣಗೆ ರಕ್ತ ಇಳಿದು ಕಾಲರಿನೊಳಗೆ ಹೋಯಿತು.

ತಮಟೆ ಒಡೆದಿದೆ, ಆ ಕಿವಿ ಇನ್ನು ಕೇಳುವುದಿಲ್ಲ ಎಂದು ಹಾವೇರಿಯ ಡಾಕ್ಟರು ಹೇಳಿದರು. ಮರುದಿನ ಸುಭಾಷನ ತಾಯಿ ದೇವವ್ವ ಶಾಲೆಗೆ ಬಂದಳು. ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡು ಗದಿಗೆವ್ವ ಎದೆ ಗಟ್ಟಿ ಮಾಡಿಕೊಂಡು ನಿಂತಳು. ದೇವವ್ವ ಸೆರಗಿನೊಳಗಿಂದ ಒಂದು ತೆಂಗಿನಕಾಯಿ, ಒಂದು ಸಕ್ಕರೆ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟು ಕೈ ಮುಗಿದಳು.

“ತಪ್ಪಾತ್ರಿ ಅಕ್ಕೋರ. ನಮ್ಮ ಹುಡುಗ ಭಾಳ ದಡ್ಡ ಅದಾನ್ರಿ. ನಿಮ್ಮ ಕೈಗಿ ತ್ರಾಸ ಕೊಟ್ಟಾನ. ಸಿಟ್ಟ ಮಾಡ್ಕೋಬ್ಯಾಡ್ರಿ, ಸಾಲಿಯಿಂದ ತಗೀಬ್ಯಾಡ್ರಿ.”

ಗದಿಗೆವ್ವ ಆ ಕಾಯಿಯನ್ನು ತೆಗೆದುಕೊಂಡಳು. ತಪ್ಪು ನನ್ನದವ್ವ ಎಂದು ಹೇಳಬೇಕಾಗಿದ್ದ ಬಾಯಿ ‘ಆತು ಬಿಡು’ ಅಂದಿತು. ಹನ್ನೆರಡು ವರ್ಷಗಳಿಂದ ಅವಳ ಹೊಟ್ಟೆಯಲ್ಲಿ ಮುಳ್ಳಾಡಿಸುತ್ತ ಬಂದದ್ದು ಹೊಡೆದದ್ದಕ್ಕಿಂತ ಹೆಚ್ಚಾಗಿ ಆ ಕಾಯಿಯೇ. ಬೆತ್ತವನ್ನು ಒಲೆಗೆ ಹಾಕಿದಳು, ವರ್ಗಾವಣೆ ಕೇಳಿಕೊಂಡು ಬ್ಯಾಡಗಿ ಕಡೆಯ ಒಂದು ಸಣ್ಣ ಊರಿನ ಶಾಲೆಗೆ ಬಂದಳು. ಅಂದಿನಿಂದ ಯಾವ ಮಗುವಿನ ಮೇಲೂ ಕೈ ಎತ್ತಿರಲಿಲ್ಲ. ಸುಭಾಷನ ವಿಷಯ ಯಾರಿಗೂ ಹೇಳಿರಲೂ ಇಲ್ಲ.

ಹೊಡೆಯದ ಅಕ್ಕೋರಿಗೆ ಹೊಸ ಊರಿನ ಮಕ್ಕಳು ಕವಡೆಕಾಸಿನ ಕಿಮ್ಮತ್ತೂ ಕೊಡಲಿಲ್ಲ. ಬೆನ್ನು ಬಿಸಿಯಾದರೆ ಮಾತ್ರ ಪುಸ್ತಕ ತೆರೆಯುವ ರೂಢಿ ಅವರದು. ವರ್ಷಗಟ್ಟಲೆ ಹಾಡು ಹಾಡಿಸಿ, ಕಥೆ ಹೇಳಿ ಹೇಗೋ ದಿನ ನೂಕಿದಳು. ಕಳೆದ ಜೂನ್ ತಿಂಗಳಲ್ಲಿ ಆರನೆಯ ತರಗತಿಯ ಮಾಂತೇಶ ಎಂಬ ತುಂಟನನ್ನು ನಕಾಶೆಯ ಮುಂದೆ ಕರೆದು ನದಿ ತೋರಿಸೆಂದಾಗ ಅವನೂ ಹೋಗಿ ಸಮುದ್ರಕ್ಕೇ ಬೆರಳಿಟ್ಟ. ಗದಿಗೆವ್ವನ ಬಲಗೈ ಜುಮ್ಮೆಂದಿತು. ಅವಳಿಗೆ ಮಾಂತೇಶನ ಮೇಲೆ ಸಿಟ್ಟು ಬರಲಿಲ್ಲ, ತನ್ನ ಕೈಯ ಬಗ್ಗೆಯೇ ಭಯವಾಯಿತು. ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಮಕ್ಕಳನ್ನೆಲ್ಲ ಅಂಗಳಕ್ಕೆ ಎಬ್ಬಿಸಿಕೊಂಡು ಹೋದಳು.

“ಗ್ವಾಡಿ ಮ್ಯಾಲಿನ ನಕಾಶಿ ಇರ್ಲಿ. ನಿಮಗ ಬೇಕಾದಂಥಾ ದೇಶ ನೀವ ಇಲ್ಲಿ ಮಾಡ್ರಿ. ನದಿ ಎಲ್ಲಿ ಬೇಕೋ ಅಲ್ಲಿ ಹರೀಲಿ.”

ಆಮೇಲೆ ಮಕ್ಕಳನ್ನು ಹಿಡಿಯುವವರೇ ಇರಲಿಲ್ಲ. ಸುಣ್ಣದಲ್ಲಿ ಗಡಿ ಎಳೆದರು. ಮಣ್ಣು ಗುಡ್ಡೆ ಹಾಕಿ ಪರ್ವತ ಮಾಡಿದರು. ಬೋರಿಂಗಿನ ಕೈಪಂಪಿನ ಕೆಳಗೆ ಸೋರುವ ನೀರಿಗೆ ಕಾಲುವೆ ತೋಡಿದಾಗ ನದಿ ಹರಿಯಿತು, ಮೇಲಿನಿಂದ ಕೆಳಕ್ಕಲ್ಲದೆ ಅದು ಬೇರೆ ಕಡೆ ಹರಿಯುವುದಿಲ್ಲ ಎಂಬುದು ಮಾಂತೇಶನಿಗೆ ಆವತ್ತು ತಿಳಿಯಿತು. ಮೆಣಸಿನಕಾಯಿ ಸುಗ್ಗಿಯಲ್ಲಿ ಊರಿಗೆ ಊರೇ ಸೀನಿ ಕೆಮ್ಮುವ ಸೀಮೆ ಅದು. ಹಾಗಾಗಿ ನಮ್ಮ ದೇಶದಲ್ಲಿ ಯಾರೂ ಸೀನುವಂತಿಲ್ಲ ಎಂದು ಒಬ್ಬಳು ಹೇಳಿದಳು, ದೇಶದ ಹೆಸರು ಸೀನದ ದೇಶ ಎಂದೇ ಆಗಿಹೋಯಿತು. ಒಂದು ಹೆಜ್ಜೆಗೆ ಹತ್ತು ಕಿಲೋಮೀಟರು, ಒಂದು ಹರಳಿಗೆ ನೂರು ಜನ. ಎಷ್ಟು ಜನಕ್ಕೆ ಎಷ್ಟು ಜೋಳ ಬೇಕೆಂದು ಲೆಕ್ಕ ಹಾಕಲು ಕುಳಿತವರು ಊಟದ ಗಂಟೆ ಬಾರಿಸಿದರೂ ಏಳಲಿಲ್ಲ. ಹೆಡ್ ಮಾಸ್ತರ ಕುತುಬುದ್ದೀನ ಸರ್ ಜಗಲಿಯ ಮೇಲೆ ನಿಂತು ನೋಡಿ, “ನಡೀಲಿ ಬಿಡ್ರಿ, ದಶಾಂಶ ತಾವಾಗೇ ಕಲಿಯಾಕತ್ತಾವು” ಅಂದರು.

ಗಡಿಯ ಕಾಯಿದೆಯನ್ನು ಅವರು ತಮ್ಮ ಮನೆಯ ಕಣದಿಂದ ತಂದರು. ಕಾಳು ಒಕ್ಕುವ, ಮೆಣಸಿನಕಾಯಿ ಒಣಗಿಸುವ ಕಣದೊಳಗೆ ಆ ಕಡೆಯ ಜನ ಚಪ್ಪಲಿ ಮೆಟ್ಟಿ ಕಾಲಿಡುವುದಿಲ್ಲ. ಸೀನದ ದೇಶಕ್ಕೂ ಚಪ್ಪಲಿ ಬಿಟ್ಟೇ ಬರಬೇಕೆಂದು ಆಯಿತು. ಗದಿಗೆವ್ವನೂ ದಿನಾಲೂ ಸುಣ್ಣದ ಗೆರೆಯ ಆಚೆ ಚಪ್ಪಲಿ ಬಿಡುತ್ತಿದ್ದಳು.

ದೇಶದ ಚರಿತ್ರೆ ಬರೆಯಿರಿ ಎಂದಾಗ ಮಕ್ಕಳು ರಾಜರಿಂದ ಶುರುಮಾಡಿದರು. ಮೊದಲನೆಯ ರಾಜನನ್ನು ಎರಡನೆಯವನು ಕಡಿದ, ಎರಡನೆಯವನನ್ನು ಅವನ ಮಗ ಕುದಿಯುವ ಎಣ್ಣೆಗೆ ಹಾಕಿದ. ದಂಡಸಂಹಿತೆಯಲ್ಲಿ ಹದಿನಾಲ್ಕು ಶಿಕ್ಷೆ, ಹದಿನಾಲ್ಕೂ ಮೈ ನೋಯಿಸುವವೇ. ಬಾರುಕೋಲಿನಿಂದ ಹೊಡೆಯುವುದು, ಬೆಲ್ಟಿನಿಂದ ಹೊಡೆಯುವುದು, ಕಂಬಕ್ಕೆ ಕಟ್ಟಿ ಮೆಣಸಿನಕಾಯಿ ಹೊಗೆ ಹಾಕುವುದು. “ಇವನ್ನೆಲ್ಲಾ ಎಲ್ಲಿಂದ ತಂದ್ರಿ?” ಎಂದು ಕೇಳಿದಳು. ಮಕ್ಕಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಮಾಂತೇಶ ಅಂಗಿ ಜಾರಿಸಿ ಬೆಲ್ಟಿನ ಗುರುತು ತೋರಿಸಿದ. ಇನ್ನೊಬ್ಬ ಮೊಣಕಾಲು ತೋರಿಸಿದ. ಒಂದು ದಿನವೂ ಪೆಟ್ಟು ತಿನ್ನದವರು ಕೈ ಎತ್ತಿರಿ ಎಂದಳು. ಒಂದು ಕೈಯೂ ಮೇಲೇಳಲಿಲ್ಲ.

ಅಕ್ಟೋಬರಿನಲ್ಲಿ ಸೀನದ ದೇಶದ ಮೇಲಿನ ಸೀಮೆಯ ಮಕ್ಕಳು ನದಿಗೆ ಒಡ್ಡು ಹಾಕಿದರೆಂದು ಕೆಳಗಿನವರು ಯುದ್ಧ ಹೂಡಿದರು. ಗದಿಗೆವ್ವ ಕಚೇರಿಯಿಂದ ಓಡಿ ಬರುವಷ್ಟರಲ್ಲಿ ಕಲ್ಲು ಹಾರಾಡುತ್ತಿದ್ದವು, ಮಾಂತೇಶನ ಹುಬ್ಬು ಸೀಳಿ ಮುಖವೆಲ್ಲ ರಕ್ತವಾಗಿತ್ತು. ಅವನು ಅಳುತ್ತಿರಲಿಲ್ಲ, ಇನ್ನೊಂದು ಕಲ್ಲು ಹುಡುಕುತ್ತಿದ್ದ. ಅಂದು ಸಂಜೆ ದೇಶದ ಸಭೆ ಸೇರಿತು. ಶ್ರೀದೇವಿ ಎಂಬ ಹುಡುಗಿ ಎದ್ದು ನಿಂತಳು. ಮಾತು ಕಡಿಮೆ, ಸುಡು ಬಿಸಿಲಲ್ಲೂ ತುಂಬು ತೋಳಿನ ಅಂಗಿ ಹಾಕುವವಳು. ಆ ತೋಳಿನ ಕೆಳಗೆ ಏನಿದೆ ಎಂದು ಗದಿಗೆವ್ವನಿಗೆ ಗೊತ್ತಿತ್ತು.

“ಹದಿನಾಲ್ಕೂ ತಗದು ಹಾಕೂಣು. ಒಂದ ಕಾಯಿದೆ ಇರ್ಲಿ. ಈ ದೇಶದಾಗ ಯಾರೂ ಯಾರನ್ನೂ ಹೊಡಿಯಂಗಿಲ್ಲ. ಹೊಡದವರು ಯಾರ ಇರ್ಲಿ, ಗಡಿ ಹೊರಗ.”

ಕೈ ಎತ್ತಿ ಎಣಿಸಿದಾಗ ಕಾಯಿದೆ ಪಾಸಾಯಿತು. ರಟ್ಟಿನ ಮೇಲೆ ಅದನ್ನು ದೊಡ್ಡ ಅಕ್ಷರಗಳಲ್ಲಿ ಬರೆದುಕೊಟ್ಟವಳು ಗದಿಗೆವ್ವನೇ. ಶ್ರೀದೇವಿಯನ್ನು ನ್ಯಾಯಾಧೀಶೆ ಮಾಡಿದರು. ಅಂದಿನಿಂದ ಮೂರು ತಿಂಗಳು ಆ ಗೆರೆಯೊಳಗೆ ಒಂದು ಏಟೂ ಬೀಳಲಿಲ್ಲ. ಮನೆಯಲ್ಲಿ ಏನೇ ಆಗಲಿ, ಹನ್ನೊಂದು ವರ್ಷದ ಮಕ್ಕಳಿಗೆ ಮೈ ಸಡಿಲ ಬಿಟ್ಟು ಕೂರಲು ಭೂಮಿಯ ಮೇಲೆ ಒಂದು ಜಾಗವಿತ್ತು. ಅದು ಉಳಿಯಬೇಕೆಂಬುದೊಂದೇ ಗದಿಗೆವ್ವನ ಆಸೆಯಾಗಿತ್ತು.

ಜನವರಿಯಲ್ಲಿ ಮೆಣಸಿನಕಾಯಿ ಬಂತು. ಆ ಊರಿನಲ್ಲಿ ಶಾಲೆಯ ಅಂಗಳ ಸುಗ್ಗಿಯಲ್ಲಿ ಮೆಣಸಿನಕಾಯಿಯ ಕಣ, ಅದು ಹಳೆಯ ರೂಢಿ. ಶಾಲಾ ಸಮಿತಿಯ ಅಧ್ಯಕ್ಷ ಪ್ರಭುಲಿಂಗಪ್ಪನ ಕಾಯಿ ಎಲ್ಲರಿಗಿಂತ ಮೊದಲು ಅಲ್ಲಿ ಹರಡಬೇಕು, ಅದೂ ರೂಢಿ. ಎಂಟು ಎಕರೆ ಕಾಯಿ, ಎರಡು ಟ್ರ್ಯಾಕ್ಟರು, ಮೂಗಿನ ತುದಿಯಲ್ಲಿ ಕೋಪ. ಶ್ರೀದೇವಿ ಅವನ ಮಗಳು.

ಕಾಯಿ ತುಂಬಿದ ಟ್ರ್ಯಾಕ್ಟರು ಅಂಗಳಕ್ಕೆ ಬಂದು ಸುಣ್ಣದ ಗೆರೆಗೆ ಗಾಲಿ ತಾಗಿಸಿ ನಿಂತಿತು. ಆಳುಗಳು ತಾಡಪತ್ರಿಯನ್ನೂ, ಕಾಯಿ ಎಳೆಯುವ ಉದ್ದ ಹಿಡಿಯ ಮರದ ಗೋರೆಯನ್ನೂ ಕೆಳಗಿಳಿಸಿದರು. ಪ್ರಭುಲಿಂಗಪ್ಪ ಇಳಿದು ಗೆರೆ ದಾಟಲು ಕಾಲೆತ್ತಿದ. ಎದುರಿಗೆ ಶ್ರೀದೇವಿ ಬಂದು ನಿಂತಳು. ಅವಳ ಹಿಂದೆ ಇಪ್ಪತ್ತಾರು ಮಕ್ಕಳು.

“ಅಪ್ಪಾ, ಚಪ್ಪಲ ಬಿಟ್ಟು ಬಾ. ಸಭಾದಾಗ ಕೇಳು, ಜಾಗಾ ಕೊಡ್ತೀವಿ. ಪೂರ್ವದ ಬಯಲು ಖಾಲಿ ಐತಿ.”

ಆಳುಗಳಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಅಷ್ಟೇ ಸಾಕಾಯಿತು.

“ನನ್ನ ಕಣಕ್ಕ ನಾ ಬರಾಕ ನಿನ್ನ ಕೇಳ್ಬೇಕಾ?”

“ಕಣಕ್ಕ ಚಪ್ಪಲ ಹಾಕ್ಕೊಂಡು ಬರಬಾರದು ಅಂತ ನೀನ ಕಲಿಸಿದ್ದಲ್ಲಪಾ.”

ಪ್ರಭುಲಿಂಗಪ್ಪ ಬಗ್ಗಿ ಬಲಗಾಲಿನ ಚಪ್ಪಲಿ ಕೈಗೆ ತೆಗೆದುಕೊಂಡ. “ಬಿಡಂದಿಲ್ಲಾ? ಬಿಟ್ಟೆ ನೋಡು” ಎಂದವನೇ ಮಗಳ ಮುಖಕ್ಕೆ ಬಾರಿಸಿದ. ಹುಡುಗಿ ಕುಸಿದಳು. ಜಡೆ ಹಿಡಿದು ಎತ್ತಿ ಮತ್ತೆ ಬಾರಿಸಿದ, ಕುತ್ತಿಗೆಗೆ, ಕೈಗೆ, ಬಾಯಿಗೆ. ತುಟಿ ಒಡೆಯಿತು. ಶ್ರೀದೇವಿ ಕೂಗಲಿಲ್ಲ. ಬಾಯೊಳಗಿನ ರಕ್ತ ನುಂಗುತ್ತ, “ಗಡಿ ಒಳಗ ಹೊಡಿಯಂಗಿಲ್ಲ, ಗಡಿ ಒಳಗ ಹೊಡಿಯಂಗಿಲ್ಲ” ಎಂದು ಅದನ್ನೇ ಹೇಳುತ್ತಿದ್ದಳು. ಅವನ ಇನ್ನೊಂದು ಕಾಲು ಪರ್ವತವನ್ನು ತುಳಿದು ನೆಲಸಮ ಮಾಡಿತ್ತು.

ಗದಿಗೆವ್ವ ಜಗಲಿಯಿಂದ ಇಳಿದದ್ದು ಅವಳಿಗೇ ನೆನಪಿಲ್ಲ. ಕೈಯಲ್ಲಿ ಗೋರೆ ಇತ್ತು. ಮೊದಲ ಏಟು ಅವನ ಬೆನ್ನಿಗೆ ಬಿತ್ತು. ತಿರುಗಿದವನ ಮುಂಗೈಗೆ ಎರಡನೆಯದು, ಒಣ ಜಾಲಿ ಮುರಿದಂತೆ ಎಲುಬು ಲಟಕ್ಕೆಂದಿತು, ಚಪ್ಪಲಿ ಕೆಳಗೆ ಬಿತ್ತು, ಅವನೂ ಬಿದ್ದ. ಆಮೇಲೂ ಗೋರೆ ನಿಲ್ಲಲಿಲ್ಲ. ಕುತುಬುದ್ದೀನ ಸರ್ ಓಡಿ ಬಂದು ಹಿಂದಿನಿಂದ ತೆಕ್ಕೆ ಹಾಯ್ದು ಹಿಡಿದಾಗಲೇ ನಿಂತದ್ದು. ಪ್ರಭುಲಿಂಗಪ್ಪನ ತಲೆಯಿಂದ ರಕ್ತ ಹರಿದು ಸೀನದ ದೇಶದ ನದಿಗೆ ಸೇರುತ್ತಿತ್ತು. ಖರೇ ಹೇಳಬೇಕೆಂದರೆ ಗದಿಗೆವ್ವನಿಗೆ ಹಿತವಾಗಿತ್ತು. ಹನ್ನೆರಡು ವರ್ಷ ಕಟ್ಟಿಹಾಕಿದ್ದ ಕೈ ಹಗ್ಗ ಹರಿದುಕೊಂಡು ಬಂದಿತ್ತು.

ಪ್ರಭುಲಿಂಗಪ್ಪ ಪೊಲೀಸರ ಹತ್ತಿರ ಹೋಗಲಿಲ್ಲ. ಹೆಂಗಸಿನ ಕೈಲಿ ಪೆಟ್ಟು ತಿಂದೆ ಎಂದು ಬರೆಸುವುದಕ್ಕಿಂತ ಟ್ರ್ಯಾಕ್ಟರಿನಿಂದ ಬಿದ್ದೆ ಎಂದು ಆಸ್ಪತ್ರೆಯಲ್ಲಿ ಹೇಳುವುದು ಅವನಿಗೆ ಹಗುರವೆನಿಸಿತು. ಊರಿನ ಹೆಂಗಸರು ಗದಿಗೆವ್ವನನ್ನು ಬಸ್ಸಿಗೆ ನಿಂತಲ್ಲೇ ಮುತ್ತಿಕೊಂಡು, “ಚೊಲೋ ಮಾಡಿದ್ರಿ ಅಕ್ಕೋರ, ಕೈ ಅಂದ್ರ ಇದು” ಎಂದರು. ಅವಳು ಬೇಡವೆಂದರೂ ಒಬ್ಬಳು ಚೀಲಕ್ಕೆ ತೆಂಗಿನಕಾಯಿ ಹಾಕಿದಳು. ಬಸ್ಸು ಹತ್ತುವ ಮೊದಲು ಗದಿಗೆವ್ವ ಆ ಕಾಯಿಯನ್ನು ತೆಗೆದು ಅಲ್ಲೇ ಕಟ್ಟೆಯ ಮೇಲೆ ಇಟ್ಟುಬಿಟ್ಟಳು.

ಮರುದಿನ ಶಾಲೆಗೆ ಬಂದಾಗ ಮಾಂತೇಶ ಪೊರಕೆಯ ಹಿಡಿ ಎತ್ತಿಕೊಂಡು, “ಅಕ್ಕೋರು ಹೊಡದಂಗ, ನೋಡ್ರಲೇ!” ಎಂದು ಬೀಸುತ್ತಿದ್ದ. ಗೆರೆಯ ಒಳಗೇ ಬೀಸುತ್ತಿದ್ದ. ಎರಡನೆಯ ತರಗತಿಯ ಅಂಜಲಿ ಅಡ್ಡ ಬಂದಳು. ಹಲ್ಲು ಮುರಿದು ಬಾಯಿ ತುಂಬ ರಕ್ತ. ಮೂರು ತಿಂಗಳು ಕಟ್ಟಿದ್ದು ಒಂದು ರಾತ್ರಿಯಲ್ಲಿ ಹೋಗಿತ್ತು. ಹುಡುಗರ ಕಣ್ಣಲ್ಲಿ ಹಳೆಯ ಹದಿನಾಲ್ಕು ಶಿಕ್ಷೆಗಳು ಮತ್ತೆ ಮಿಂಚುತ್ತಿದ್ದವು, ಅವನ್ನು ವಾಪಸು ತಂದವಳು ತಾನೇ ಎಂದು ಗದಿಗೆವ್ವನಿಗೆ ತಿಳಿಯದೆ ಹೋಗಲಿಲ್ಲ.

ನಾಲ್ಕನೆಯ ದಿನ ಶ್ರೀದೇವಿ ಬಂದಳು. ಗಲ್ಲ ಇನ್ನೂ ಊದಿತ್ತು, ತುಟಿಗೆ ಎರಡು ಹೊಲಿಗೆ. ಅವಳು ಅಕ್ಕೋರ ಮೇಜಿನ ಮೇಲೆ ಒಂದು ಚೀಟಿ ಇಟ್ಟಳು. ಪೌರನೀತಿ ಪಾಠದಲ್ಲಿ ಗದಿಗೆವ್ವ ಹೇಳಿಕೊಟ್ಟ ರೀತಿಯಲ್ಲೇ ಬರೆದ ಸಮನ್ಸು. ಆರೋಪಿಗಳು ಮೂವರು: ಪ್ರಭುಲಿಂಗಪ್ಪ, ಮಾಂತೇಶ, ಗದಿಗೆವ್ವ.

ಮಧ್ಯಾಹ್ನ ಊಟವಾದ ಮೇಲೆ ಬೋರಿಂಗಿನ ಕಟ್ಟೆಯ ಮೇಲೆ ನ್ಯಾಯಾಲಯ ಕೂಡಿತು. ಪ್ರಭುಲಿಂಗಪ್ಪನೂ ಬಂದಿದ್ದ, ಯಾಕೆ ಬಂದನೋ ದೇವರೇ ಬಲ್ಲ. ಮುರಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡು, ಗೆರೆಯ ಹೊರಗೆ ಬೇವಿನ ಮರಕ್ಕೆ ಒರಗಿ ನಿಂತಿದ್ದ. ಅವನಿಗೂ ಮಾಂತೇಶನಿಗೂ ಶಿಕ್ಷೆ ಹೇಳಲು ತಡವಾಗಲಿಲ್ಲ. ಅಂಜಲಿಯ ಮುಂದೆ ತಪ್ಪಾತು ಅಂದು, ಅವಳು ಹೂಂ ಅನ್ನುವವರೆಗೆ ಮಾಂತೇಶ ಹೊರಗೆ. ಅವನೂ ಗಡಿಯ ಹೊರಗೆ ಎಂಬ ಅಪ್ಪನ ತೀರ್ಪನ್ನು ಶ್ರೀದೇವಿ ನೆಲ ನೋಡುತ್ತ ಓದಿದಳು. ಆಮೇಲೆ ಗದಿಗೆವ್ವನ ಹೆಸರು ಕೂಗಿದರು.

“ಅಕ್ಕೋರು ನಿನ್ನ ಸಲುವಾಗಿ ಹೊಡದಾರ ಲೇ!” ಎಂದು ಗೆರೆಯಾಚೆಯಿಂದ ಮಾಂತೇಶ ಕಿರುಚಿದ.

“ನಮ್ಮಪ್ಪನೂ ನನ್ನ ಸಲುವಾಗೇ ಹೊಡಿತೀನಿ ಅಂತಾನ” ಎಂದಳು ಶ್ರೀದೇವಿ.

ಅವಳು ಅಕ್ಕೋರ ಕಡೆಗೆ ತಿರುಗಿದಳು. “ಏಳು ಏಟು ಅಂತ ಸಾಕ್ಷಿಯವರು ಎಣಿಸ್ಯಾರ್ರಿ. ಎರಡಕ್ಕ ಅಪ್ಪ ಬಿದ್ದಿದ್ದ. ನನ್ನ ಬಿಡಿಸಿಕೊಂಡಿದ್ದಾತು. ಉಳದ ಐದು ಯಾಕ್ರಿ?”

ಗದಿಗೆವ್ವನ ಎಡ ಭುಜ ತಾನಾಗಿ ಮೇಲೆದ್ದಿತು.

“ಕೈಗಿ ರೂಢಿ ಇತ್ತವ್ವಾ.”

“ಇದರ ಮೊದಲು ಯಾರನ್ನರ ಹೊಡದೀರೇನ್ರಿ?”

ಆರೋಪಿಯ ಹಿಂದಿನ ನಡತೆಯನ್ನು ಕೇಳಬೇಕು ಎಂದು ಕಲಿಸಿದವಳೂ ಅವಳೇ. ಇಲ್ಲ ಅಂದಿದ್ದರೆ ಮುಗಿದುಹೋಗುತ್ತಿತ್ತು. ಗದಿಗೆವ್ವ ಸುಭಾಷನ ಹೆಸರು ಹೇಳಿದಳು. ನಕಾಶೆ, ಸಮುದ್ರದ ಮೇಲಿನ ಬೆರಳು, ಕಿವಿಯ ರಕ್ತ, ದೇವವ್ವ ತಂದ ಕಾಯಿ, ಅದನ್ನು ತಾನು ತೆಗೆದುಕೊಂಡದ್ದು, ಎಲ್ಲ ಹೇಳಿದಳು. ಹೇಳುತ್ತ ಅತ್ತಳು. ಮಕ್ಕಳು ಅವಳನ್ನು ಸಮಾಧಾನ ಮಾಡಲಿಲ್ಲ. ಶ್ರೀದೇವಿ ರಟ್ಟಿನ ಮೇಲಿನ ಕಾಯಿದೆಯನ್ನು ಮತ್ತೊಮ್ಮೆ ಓದಿಕೊಂಡಳು.

“ಅಕ್ಕೋರು ಗಡಿ ಹೊರಗ. ಸುಭಾಷನ ಕಡೆ ಹೋಗಿ ತಪ್ಪು ಒಪ್ಪಿಕೊಂಡು, ಅವ ಮಾಫಿ ಕೊಟ್ರ ಒಳಗ. ನಮ್ಮಪ್ಪ ಮಾಫಿ ಕೊಡೂದು ಬಿಡೂದು ಆಮ್ಯಾಲಿನ ಮಾತು.”

ಗದಿಗೆವ್ವ ಗೆರೆ ದಾಟಿ ಚಪ್ಪಲಿ ಮೆಟ್ಟಿಕೊಂಡಳು. ಬೇವಿನ ಕೆಳಗೆ ಪ್ರಭುಲಿಂಗಪ್ಪ ಅವಳಿಗೆ ಜಾಗ ಬಿಟ್ಟು ಒಂದು ಹೆಜ್ಜೆ ಸರಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆ ಭಾನುವಾರ ಅವಳು ಅಗಡಿಗೆ ಹೋದಳು. ಸುಭಾಷ ಹಾವೇರಿ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ, ದೇವವ್ವ ತೀರಿಕೊಂಡು ನಾಲ್ಕು ವರ್ಷವಾಯಿತು ಎಂದು ಗೊತ್ತಾಯಿತು. ಯಾರಿಗೆ ಕಾಯಿಯನ್ನು ತಿರುಗಿ ಕೊಡಬೇಕಿತ್ತೋ ಅವಳೇ ಇನ್ನಿಲ್ಲ ಎಂದು ಕೇಳಿಯೂ ಗದಿಗೆವ್ವ ಅಂಗಡಿಯ ದಾರಿ ಹಿಡಿದಳು. ಅಂಗಡಿಯಲ್ಲಿ ಅವನು ಕೆಳಗೆ ಕುಳಿತು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ನೋಡುತ್ತಿದ್ದ. ಅವಳು ಪಕ್ಕದಲ್ಲಿ ನಿಂತು, ಹನ್ನೆರಡು ವರ್ಷ ಬಾಯಿಪಾಠ ಮಾಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಅವನು ತಲೆ ಎತ್ತಲಿಲ್ಲ. ಸಿಟ್ಟು ಇಳಿದಿಲ್ಲ ಎಂದುಕೊಂಡು ಇನ್ನೊಮ್ಮೆ ಹೇಳಿದಳು. ನೆರಳು ಕಂಡು ಅವನು ತಿರುಗಿದ.

“ಯಾರು? ಅಕ್ಕೋರೇನ್ರಿ? ಈ ಕಡಿಂದ ಬರ್ರಿ, ಆ ಕಿವಿ ಕೇಳಂಗಿಲ್ರಿ.”

ಗದಿಗೆವ್ವ ಅವನ ಎಡಗಡೆಯಿಂದ ಬಲಗಡೆಗೆ ಬಂದಳು. ನಾಲ್ಕು ಹೆಜ್ಜೆ ಇರಬಹುದು. ಬರುವಷ್ಟರಲ್ಲಿ ಬಾಯಿಪಾಠವೆಲ್ಲ ಮರೆತುಹೋಗಿತ್ತು. “ತಪ್ಪು ನಂದಪಾ” ಎಂದಷ್ಟೇ ಅಂದಳು. ಅವನು ಟ್ಯೂಬನ್ನು ಪಕ್ಕಕ್ಕಿಟ್ಟ. ಆಮೇಲೆ ಕೈ ಒರೆಸಿಕೊಂಡು ಎದ್ದು, ಎದುರಿನ ಹೋಟೆಲಿಗೆ ಕೂಗಿ ಹೇಳಿ, ಸ್ಟೂಲನ್ನು ಒರೆಸಿ ಅವಳನ್ನು ಕೂರಿಸಿ ಚಹಾ ಕುಡಿಸಿದ.

ಸೋಮವಾರ ಬೆಳಗ್ಗೆ ಮಕ್ಕಳು ಗೆರೆಗೆ ಬಂದು ಸಾಲಾಗಿ ನಿಂತಿದ್ದರು. ಅಂಜಲಿಯ ಪಕ್ಕದಲ್ಲಿ ಮಾಂತೇಶನೂ ಒಳಗಿದ್ದ.

“ಮಾಫಿ ಅಂದ್ನೇನ್ರಿ?” ಎಂದಳು ಶ್ರೀದೇವಿ.

“ಚಾ ಕುಡಿಸಿದ.”

ಮಕ್ಕಳಲ್ಲಿ ಗುಸುಗುಸು ಎದ್ದಿತು. ಚಹಾ ಕುಡಿಸಿದರೆ ಮಾಫಿ ಕೊಟ್ಟಂತೆಯೇ ಎಂದರು ಕೆಲವರು. ಮನೆಗೆ ಬಂದವರಿಗೆ ಯಾರಾದರೂ ಕುಡಿಸುತ್ತಾರೆ ಎಂದರು ಇನ್ನು ಕೆಲವರು. ಅಕ್ಕೋರನ್ನು ಒಳಗೆ ಬಿಡೋಣ ಎಂದು ಅಂಜಲಿ ಅಳುಮುಖ ಮಾಡಿದಳು. ಶ್ರೀದೇವಿ ಕಣ್ಣು ಒರೆಸಿಕೊಂಡಳು. ಅವಳು ಗದಿಗೆವ್ವನನ್ನೇ ಕೇಳಿದಳು.

“ನೀವ ಖರೇ ಹೇಳ್ರಿ ಅಕ್ಕೋರ. ಮಾಫಿ ಅಂದ್ನೋ ಇಲ್ಲೋ?”

ಗದಿಗೆವ್ವ ತನ್ನ ಬಲಗೈಯನ್ನು ನೋಡಿಕೊಂಡಳು. “ಇಲ್ಲವ್ವಾ. ಅನ್ನಲಿಲ್ಲ.”

“ಹಂಗಾದ್ರ ಚಾ ಬ್ಯಾರೆ, ಮಾಫಿ ಬ್ಯಾರೆ. ನೀವು ಅಲ್ಲೇ ನಿಂದರ್ರಿ. ಪಾಠ ಅಲ್ಲಿಂದನ ಮಾಡ್ರಿ.”

ಗದಿಗೆವ್ವ ಬೇವಿನ ಕೆಳಗೆ ಕುರ್ಚಿ ಹಾಕಿಸಿಕೊಂಡಳು. ಮಕ್ಕಳು ಗೆರೆಯೊಳಗೆ ಚಕ್ಕಳಮಕ್ಕಳ ಹಾಕಿ ಕುಳಿತರು, ಪ್ರಭುಲಿಂಗಪ್ಪ ತುಳಿದಿದ್ದ ಪರ್ವತಕ್ಕೆ ಮಾಂತೇಶ ಮಣ್ಣು ಹಾಕುತ್ತ ಕಿವಿಗೊಟ್ಟ. ಅವಳು ಗಂಟಲು ಸರಿಮಾಡಿಕೊಂಡು, ಹಿಂದಿನ ಸಾಲಿಗೂ ಕೇಳುವಂತೆ, ದಶಾಂಶದ ಭಾಗಾಕಾರವನ್ನು ಮೊದಲಿನಿಂದ ಶುರುಮಾಡಿದಳು.